ಇಪ್ಪತ್ಮೂರನೇ ನಿಮಿಷ

ಗುಡ್ಡಪ್ಪನವರೇ, ಒಂದು ಪಿಚ್ಚರ್ ಬಂದದೆ, ನೋಡಿ.
ಹಾಡಿಲ್ಲ. ಹೊಡೆದಾಟ ಉಂಟು, ಅದು ನಿಮಗೇ ಗೊತ್ತು.
ನಲವತ್ತೊಂದು ನಿಮಿಷ.
ಇಪ್ಪತ್ತು ಬಂಗಡೆ ಹೆಚ್ಚಿ ತೊಳೆದು
ಮಸಾಲೆ ಅರೆಯುವಷ್ಟರಲ್ಲಿ ಮುಗಿದುಹೋಗ್ತದೆ.

ತೆಗೆದವಳು ಕೋಡಿಬಾಗದ ಇನಾಸ್ ಮಾಸ್ತರರ ಮಗಳು,
ಮದುವೆ ವಿಡಿಯೋ ತೆಗೆಯುವ ಅದೇ ಕ್ಯಾಮೆರಾದಲ್ಲಿ.
ಹಳೇ ಚಟ ಬಿಟ್ಟಿಲ್ಲ ಹುಡುಗಿಗೆ:
ಲಾಠಿ ಮೇಲೆದ್ದಾಗಲೂ
ಯಾರದೋ ಮೂಗುತಿಯ ಹತ್ತಿರ ಹೋಗಿ ನಿಂತುಬಿಡ್ತಾಳೆ.

ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದಿನ ಗೋಡೆಗೆ ಸುಣ್ಣ ಬಳಿದು
ನಮಗೆ ತೋರಿಸಿದರು, ಶನಿವಾರ ರಾತ್ರಿ, ಬೋಟು ಹೋಗದ ದಿನ.
ಆ ಗೋಡೆ ಬೆವರುವ ಗೋಡೆ.
ಪಿಚ್ಚರಿನಲ್ಲಿದ್ದ ಎಲ್ಲರ ಮುಖದ ಮೇಲೂ ನೀರಿಳಿಯಿತು,
ಟಿಪ್ಪರ್ ಲಾರಿಯ ಮೇಲೂ,
ಕುರ್ಚಿ ಹಾಕಿಸಿಕೊಂಡು ಕೂತ ಸಾಹೇಬರ ಮೇಲೂ.

ಸುಮ್ಮನೆ ನೋಡಿದವರು ಯಾರೂ ಇಲ್ಲ.
ಅಗೋ ನನ್ನ ಸೀರೆ, ಅಗೋ ನಮ್ಮ ದೋಣಿ,
ಇವ ಎಲ್ಲಿದ್ದ ಅವತ್ತು, ಈಗ ಮುಂದೆ ಬಂದು ಕೂತಿದಾನೆ!
ರಂಪಣಿಯ ಹಗ್ಗದಲ್ಲಿ ಸೊಂಟಕ್ಕೆ ಸೊಂಟ ಕಟ್ಟಿಕೊಂಡು
ನಾವು ನೂರಾ ಹನ್ನೊಂದು ಹೆಂಗಸರು ಮರಳಿನ ಮೇಲೆ ಕೂತದ್ದು ಬಂದಾಗ
ಗಂಡಸರೆಲ್ಲ ಎಣಿಸಿದರು, ಗಟ್ಟಿಯಾಗಿ.
ತೊಂಬತ್ತರ ಹತ್ತಿರ ಕರೆಂಟು ಹೋಯಿತು.
ಕತ್ತಲಲ್ಲೂ ಎಣಿಕೆ ನಿಲ್ಲಲಿಲ್ಲ.

ಮಂಕಾಳತ್ತೆ ಗೋಡೆಯ ಮೇಲೆ ಮಾತಾಡಿದಾಗ ಮಾತ್ರ
ಮಕ್ಕಳೂ ಉಸಿರೆತ್ತಲಿಲ್ಲ.
ಹೋದ ಮಾರ್ಗಶಿರದಲ್ಲಿ ತೀರಿದಳು, ನಿಮಗೆ ಸುದ್ದಿ ಇರಲಿಕ್ಕಿಲ್ಲ.
"ಕಲ್ಲು ಹಾಕಿ, ಹಾಕಿ.
ಸಮುದ್ರ ಎಂತ ನಿಮ್ಮ ಅಂಗಳವಾ, ಗಡಿ ಹಾಕಲಿಕ್ಕೆ?" ಅಂತ
ಎಲೆ ಜಗಿಯುತ್ತಲೇ ಕೇಳ್ತಾಳೆ.

ಇನ್ನು ಇಪ್ಪತ್ಮೂರನೇ ನಿಮಿಷ.
ಅದಕ್ಕೇ ಹೇಳಿದ್ದು ನೋಡಿ ಅಂತ.

ಭರತ ಏರುವ ಹೊತ್ತು.
ನೀರು ನಮ್ಮ ತೊಡೆಗೂ ಬಂತು, ನಿಮ್ಮ ಬೂಟಿಗೂ ಬಂತು.
ದೇವಗಡದ ಕಡೆಯಿಂದ ಬಿಸಿಲು ನೇರ ಕಣ್ಣಿಗೆ.
ಟೋಪಿ ತೆಗೆದವನು ಒಬ್ಬ, ಕೂದಲಿಗೆ ಹೊಸದಾಗಿ ನರೆ ಬಂದವನು.
ಮಂಕಾಳತ್ತೆ ಕೂತಲ್ಲಿಂದಲೇ ಕೊಡ ಎತ್ತಿದಳು.
ನೀವು ಬಾಯಿ ತಾಗಿಸದೆ, ತಲೆ ಮೇಲೆತ್ತಿ ಕುಡಿದಿರಿ.
ಗಂಟಲು ಏರಿ ಇಳಿದದ್ದು, ಏರಿ ಇಳಿದದ್ದು,
ಆ ಹುಡುಗಿ ಅದನ್ನೂ ಹತ್ತಿರದಿಂದಲೇ ತೆಗೆದಿದಾಳೆ.
ಆಮೇಲೆ ಸೀಟಿ.

ಸೀಟಿಯ ನಂತರ ಕ್ಯಾಮೆರಾ ಬರೀ ಮರಳು ನೋಡ್ತದೆ,
ಓಡುವ ಕಾಲು, ಕಳಚಿದ ಬಳೆ, ಮತ್ತೆ ಮರಳು.
ನನ್ನ ಹೆಗಲಿಗೆ ಬಿದ್ದ ಏಟು
ನಿಮ್ಮದೋ ಪಕ್ಕದವರದೋ ಕಾಣುವುದಿಲ್ಲ.
ಮಾಸ್ತರರ ಮನೆಗೆ ಹೋಗಿ
ಹಿಂದಕ್ಕೆ ಓಡಿಸಿ ಓಡಿಸಿ ನಾಲ್ಕು ಸಲ ನೋಡಿದೆ.
ಚಾ ಕೊಟ್ಟರು, ಕುಡಿದು ಬಂದೆ.

ಅದಾದ ಮೇಲೆ ಏಳೆಂಟು ತಿಂಗಳು
ಪ್ರತಿ ಭಾನುವಾರ ನೀವು ನನ್ನ ಹತ್ತಿರವೇ ಮೀನು ತಕೊಂಡಿರಿ.
ಸಾಲಿನಲ್ಲಿ ಮೂವತ್ತು ಜನ ಕೂತಿದ್ದರೂ.
ರೇಟು ಕೇಳಲಿಲ್ಲ, ಚಿಲ್ಲರೆ ಇಸಕೊಳ್ಳಲಿಲ್ಲ.
ಘಟ್ಟದ ಮೇಲಿನವರಿಗೆ ತೂಕ ತಿಳಿಯೋದಿಲ್ಲ ಅಂತ
ನಾನು ಒಂದೆರಡು ಸಲ ಹಳೇ ನೋಗ್ಲಿಯನ್ನೂ ಹಾಕಿದ್ದೆ,
ಸುಳ್ಳು ಯಾಕೆ ಹೇಳಲಿ.
ನಿಮ್ಮನ್ನು ನನಗೆ ಗುರುತಿರಲಿಲ್ಲ.
ನಿಮಗೆ ನನ್ನದು ಇತ್ತೇ?

ದಾಂಡೇಲಿಗೆ ವರ್ಗ ಆಯಿತಂತೆ. ಅಲ್ಲಿ ಮೊಬೈಲಿಗೆ ನೆಟ್ ಬಂದರೆ ನೋಡಿ.
ಒಬ್ಬರೇ ನೋಡಬೇಡಿ, ಹೆಂಡತಿಯನ್ನೂ ಕೂರಿಸಿಕೊಳ್ಳಿ.
ಇಪ್ಪತ್ಮೂರಕ್ಕೆ ಎದ್ದು ಹೋಗಬೇಡಿ.
ಕೊನೆಯಲ್ಲಿ ಗೆದ್ದೆವು ಅಂತ ಬರೆದಿದಾಳೆ, ನಂಬಬೇಡಿ:
ಕೇಸು ಇನ್ನೂ ತಾರೀಖಿಗೆ ಹೋಗ್ತಾ ಉಂಟು.
ಅರ್ಧ ಸುರಿದ ಕಲ್ಲಿಗೆ ಈಗ ಕಲ್ವಾ ಹಿಡಿದದೆ,
ಇಳಿತದ ಹೊತ್ತಿಗೆ ಹೋಗಿ ಕೆತ್ತಿಕೊಂಡು ಬರ್ತೇವೆ.

ಮತ್ತೊಂದು.
ನೀವು ಕುಡಿದ ಆ ಕೊಡ, ಕುತ್ತಿಗೆಯ ಹತ್ತಿರ ತಗ್ಗು ಬಿದ್ದದ್ದು,
ಜಪ್ತಿ ಮಾಲು ಅಂತ ನಂಬರು ಹಚ್ಚಿ ಠಾಣೆಯಲ್ಲಿಟ್ಟಿದಾರೆ.
ಅತ್ತೆಯ ಸೊಸೆ ಮೂರು ಸಲ ಹೋಗಿ ಬಂದಳು.
ಗುರುತಿನವರು ಯಾರಾದರೂ ಅಲ್ಲಿದ್ದರೆ
ಒಂದು ಮಾತು ಹೇಳಿ.